ಬ್ರಹ್ಮಗಿರಿಯ ಕೊಡಲಿ, ನಮ್ಮ ಮನೆಯ ಈಳಿಗೆ

ಹೋದ ಯುಗಾದಿಯ ಹಿಂದಿನ ದಿನ ನಮ್ಮ ಅಮ್ಮ ಹೆಬ್ಬೆರಳು ಕುಯ್ದುಕೊಂಡರು. ಈಳಿಗೆ ಚೂಪಾಗಿದ್ದಕ್ಕಲ್ಲ, ಮೊಂಡಾಗಿದ್ದಕ್ಕೆ. ಮೊಂಡು ಅಲಗಿಗೆ ಜಾಸ್ತಿ ಒತ್ತಬೇಕು, ಒತ್ತಿದರೆ ಕಾಯಿ ಜಾರುತ್ತೆ. ಮೂರು ಹೊಲಿಗೆ ಬಿತ್ತು. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬರುತ್ತಿದ್ದ ಸಾಣೆಯವರು ನಮ್ಮೂರ ಕಡೆ ಬಂದು ವರ್ಷಗಳಾದವು. ಊರಿನ ಕುಲುಮೆಯೂ ಮುಚ್ಚಿದೆ. ಅದಕ್ಕೇ ನಾವೇ ಕಲಿತೆವು.

ಹಾಗೆ ನೋಡಿದರೆ ನಮ್ಮ ಜಿಲ್ಲೆಗೆ ಈ ವಿದ್ಯೆ ಹೊಸದಲ್ಲ. 1947ರಲ್ಲಿ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಉತ್ಖನನ ಮಾಡಿಸಿದರು. ಅವರಿಗಿಂತ ಮೊದಲೇ ಮೈಸೂರಿನ ಡಾ. ಎಂ.ಎಚ್. ಕೃಷ್ಣ ಇದೇ ಜಾಗಗಳಲ್ಲಿ ಅಗೆಸಿದ್ದರು (ಈ ಹೆಸರನ್ನು ನಮ್ಮವರು ಯಾಕೋ ಬೇಗ ಮರೆಯುತ್ತಾರೆ). ಬ್ರಹ್ಮಗಿರಿಯ ಕೆಳಗಿನ ಪದರದಲ್ಲಿ ಸಿಕ್ಕಿದ್ದು ನಯ ಮಾಡಿದ ಕಲ್ಲಿನ ಕೊಡಲಿಗಳು. ಕಬ್ಬಿಣ ಕಂಡದ್ದು ಅದರ ಮೇಲೆ, ಬೃಹತ್ ಶಿಲಾ ಸಮಾಧಿಗಳ ಕಾಲದಲ್ಲಿ. ಅಂದರೆ ಕಬ್ಬಿಣ ಬರುವ ಮುಂಚೆಯೇ ಇಲ್ಲಿನ ಜನಕ್ಕೆ ಮಸೆಯುವುದು ಗೊತ್ತಿತ್ತು. ಕರಿಕಲ್ಲಿಗೆ ಮೊದಲು ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಆಮೇಲೆ ಬಂಡೆಗೆ ಉಜ್ಜಿ ಉಜ್ಜಿ ಬಾಯಿ ತರುವುದು. ಎಷ್ಟು ಹೊತ್ತು ಕೂತು ಉಜ್ಜಿರಬೇಕು ಅವರು!

ನಮ್ಮ ಅಜ್ಜಿಯೂ ಬಾವಿಕಟ್ಟೆಯ ಕಲ್ಲಿಗೇ ಮಸೆಯುತ್ತಿದ್ದರು. ಆ ಕಲ್ಲಿನೊಳಗಿನ ಬೆಣಚು ಈಳಿಗೆಯ ಕಬ್ಬಿಣಕ್ಕಿಂತ ಗಟ್ಟಿ, ಅದಕ್ಕೇ ಕೆಲಸ ನಡೆಯುತ್ತಿತ್ತು. ಅಂಗಡಿಯಲ್ಲಿ ಸಿಗುವ ಕಪ್ಪು ಸಾಣೆಕಲ್ಲು ಹೆಚ್ಚಾಗಿ ಕಾರ್ಬೊರಂಡಮ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಜೇಡಿಮಣ್ಣು, ಕೋಕ್ ಪುಡಿಯನ್ನು ಕರೆಂಟಿನಲ್ಲಿ ಕಾಸಿದಾಗ ಸಿಕ್ಕ ಹರಳು ಅದು.

ಹೀಗೆ ಮಾಡಿ. ಕಲ್ಲನ್ನು ನೀರಲ್ಲಿ ನೆನೆಸಿ ಒದ್ದೆ ಬಟ್ಟೆಯ ಮೇಲಿಡಿ, ಜಾರುವುದಿಲ್ಲ. ಒರಟು ಮುಖ ಮೊದಲು. ಚಾಕುವಿನ ಬೆನ್ನು ಕಲ್ಲಿನಿಂದ ಕಿರುಬೆರಳಿನ ದಪ್ಪದಷ್ಟು ಮೇಲಿರಲಿ, ಉಜ್ಜುವಷ್ಟು ಹೊತ್ತೂ ಅದೇ ಓರೆ ಇರಲಿ. ಆಚೆ ಬದಿಯ ಅಂಚಿನಲ್ಲಿ ಸಣ್ಣ ತರಿ ಕೈಗೆ ಸಿಕ್ಕರೆ ಈ ಬದಿ ಸಾಕು, ಮಗುಚಿ. ಬೆರಳನ್ನು ಬೆನ್ನಿನ ಕಡೆಯಿಂದ ಹೊರಗೆ ಎಳೆದು ನೋಡಿ, ಅಲಗಿನ ಉದ್ದಕ್ಕೆ ಎಳೆಯಬೇಡಿ. ಕೊನೆಗೆ ನಯ ಮುಖದಲ್ಲಿ ಹಗುರಾಗಿ ನಾಲ್ಕು ಸಲ. ಆ ಕಲ್ಲಿಲ್ಲದಿದ್ದರೆ ಪಿಂಗಾಣಿ ಬಟ್ಟಲಿನ ತಳದ ಒರಟು ಅಂಚೂ ಆಗುತ್ತೆ.

ಅವಸರಕ್ಕೆ ನಾವು ಒಂದು ಕುಡುಗೋಲನ್ನು ಕರೆಂಟಿನ ಚಕ್ರಕ್ಕೆ ಕೊಟ್ಟು ಕೆಡಿಸಿಕೊಂಡೆವು. ಕಿಡಿ ಹಾರಿ ಅಂಚು ನೀಲಿ ಬಣ್ಣಕ್ಕೆ ತಿರುಗಿತು, ಕುಲುಮೆಯವರು ಕೊಟ್ಟಿದ್ದ ಹದ ಹೋಯಿತು. ಈಗ ಎರಡು ದಿನ ಹುಲ್ಲು ಕೊಯ್ದರೆ ಮೊಂಡು.

ಈಳಿಗೆಯದು ಬಾಗಿದ ಅಲಗು. ಅದನ್ನು ಕಲ್ಲಿನ ಮೇಲೆ ಆಡಿಸಲು ಆಗದು, ಕಲ್ಲಿನ ಚೂರನ್ನೇ ಅಲಗಿನ ಮೇಲೆ ಆಡಿಸಬೇಕು. ಇದನ್ನು ನಮಗೆ ತೋರಿಸಿಕೊಟ್ಟದ್ದು ಅಮ್ಮ, ಹೊಲಿಗೆ ಬಿಚ್ಚಿದ ಮೇಲೆ.