ಸಿಂಹಾಸನ ಬರಿದಾಗಿದ್ದ ದಿನಗಳು: ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಿರುದು ಮತ್ತು ಉತ್ತರಾಧಿಕಾರ

ಇಂಗ್ಲೆಂಡಿನ ಅರಸರ ವಂಶಾವಳಿಯನ್ನು ಪಠ್ಯಪುಸ್ತಕದಲ್ಲಿ ನೋಡಿದರೆ, ಒಬ್ಬನ ಆಳ್ವಿಕೆ ಮುಗಿದೊಡನೆ ಮತ್ತೊಬ್ಬನದು ಶುರುವಾದಂತೆ ಕಾಣುತ್ತದೆ. 1272ರವರೆಗಿನ ದಾಖಲೆಗಳು ಹೇಳುವುದು ಬೇರೆ. ಆಗ ಪಟ್ಟಾಭಿಷೇಕವಾದ ದಿನದಿಂದ ಮಾತ್ರ ಆಳ್ವಿಕೆಯ ವರ್ಷ ಎಣಿಸುತ್ತಿದ್ದರು. ಅರಸ ಸತ್ತರೆ ಅವನ ಹೆಸರಿನಲ್ಲಿ ಜಾರಿಯಲ್ಲಿದ್ದ ರಾಜಶಾಂತಿಯೂ ಸತ್ತಂತೆಯೇ. ಕೊಳ್ಳೆ ಹೊಡೆದವನು ಯಾವ ಅರಸನ ಶಾಂತಿಯನ್ನು ಮುರಿದ ಎಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ.

ಹೀಗಾಗಿ ಉತ್ತರಾಧಿಕಾರ ಎಷ್ಟೋ ಸಲ ಓಟದ ಪಂದ್ಯವೇ ಆಯಿತು. 1100ರ ಆಗಸ್ಟ್ 2ರಂದು ಎರಡನೆಯ ವಿಲಿಯಂ ನ್ಯೂ ಫಾರೆಸ್ಟಿನಲ್ಲಿ ಬೇಟೆಯಾಡುವಾಗ ಬಾಣ ತಗುಲಿ ಸತ್ತ. ತಮ್ಮ ಹೆನ್ರಿ ವಿಂಚೆಸ್ಟರಿನ ಖಜಾನೆ ವಶಪಡಿಸಿಕೊಂಡು ಮೂರೇ ದಿನದಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಕಿರೀಟ ಧರಿಸಿದ. ಅಣ್ಣ ರಾಬರ್ಟ್ ಧರ್ಮಯುದ್ಧ ಮುಗಿಸಿ ಇನ್ನೂ ಊರು ಸೇರಿರಲಿಲ್ಲ. 1135ರ ಡಿಸೆಂಬರ್ 1ರಂದು ಅದೇ ಹೆನ್ರಿ ಸತ್ತಾಗ ಸೋದರಳಿಯ ಸ್ಟೀಫನ್ ಇದೇ ಪಾಠ ಒಪ್ಪಿಸಿದ: 22ರಂದು ಪಟ್ಟವೇರಿದ. ಮಗಳು ಮಟಿಲ್ಡಾಳನ್ನೇ ಉತ್ತರಾಧಿಕಾರಿಯೆಂದು ಒಪ್ಪುವುದಾಗಿ ಸಾಮಂತರು ಹಿಂದೆ ಮಾಡಿದ್ದ ಪ್ರಮಾಣ ಕೆಲಸಕ್ಕೆ ಬರಲಿಲ್ಲ.

ಮಟಿಲ್ಡಾಳ ಬಿರುದು ಇಲ್ಲಿ ಮುಖ್ಯ ಸಾಕ್ಷ್ಯ. 1141ರಲ್ಲಿ ಸ್ಟೀಫನ್ ಲಿಂಕನ್ನಿನಲ್ಲಿ ಸೆರೆಸಿಕ್ಕ ಮೇಲೆ ಅವಳು ಹೊರಡಿಸಿದ ಸನ್ನದುಗಳಲ್ಲಿ 'ಇಂಗ್ಲಿಷರ ಒಡತಿ' ಎಂದಿದೆ. ಹೆಣ್ಣೆಂಬ ಕಾರಣಕ್ಕೆ ರಾಣಿ ಎನ್ನದೆ ಕೊಟ್ಟ ಕೆಳದರ್ಜೆಯ ಬಿರುದು ಇದೆಂದು ಯಾರಿಗಾದರೂ ಅನ್ನಿಸಬಹುದು. ಆದರೆ 1189ರ ಜುಲೈಯಲ್ಲಿ ತಂದೆ ಸತ್ತು ಸೆಪ್ಟೆಂಬರ್ 3ರಂದು ಪಟ್ಟಾಭಿಷೇಕವಾಗುವವರೆಗೆ ಒಂದನೆಯ ರಿಚರ್ಡನೂ 'ಇಂಗ್ಲೆಂಡಿನ ಒಡೆಯ' ಮಾತ್ರ. 1199ರಲ್ಲಿ ಜಾನನೂ ಅಷ್ಟೇ. ಕಿರೀಟಕ್ಕಾಗಿ ಕಾಯುತ್ತಿರುವವರ ಬಿರುದು ಅದು. ಮಟಿಲ್ಡಾಳ ಕಾಯುವಿಕೆ ಮುಗಿಯಲೇ ಇಲ್ಲ. 1141ರ ಜೂನಿನಲ್ಲಿ ಲಂಡನ್ನಿನ ಜನ ಬಂಡೆದ್ದು ಅವಳನ್ನು ಓಡಿಸಿದರು.

ಈ ಪದ್ಧತಿಯನ್ನು ಮುರಿದದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ದೂರ. 1272ರ ನವೆಂಬರ್ 16ರಂದು ಮೂರನೆಯ ಹೆನ್ರಿ ಸತ್ತಾಗ ಮಗ ಎಡ್ವರ್ಡ್ ಧರ್ಮಯುದ್ಧಕ್ಕೆ ಹೋಗಿದ್ದ. ಅಂತ್ಯಕ್ರಿಯೆ ನಡೆದ 20ರಂದೇ ಸಾಮಂತರು ಅವನಿಗೆ ನಿಷ್ಠೆಯ ಪ್ರಮಾಣ ಮಾಡಿದರು. ಆಳ್ವಿಕೆಯ ಎಣಿಕೆಯೂ ಅಂದಿನಿಂದಲೇ. ಅವನು ತಿರುಗಿ ಬಂದು ಕಿರೀಟ ಧರಿಸಿದ್ದು 1274ರ ಆಗಸ್ಟ್‌ನಲ್ಲಿ. 1307ರಲ್ಲಿ ಅವನ ಮಗನ ಆಳ್ವಿಕೆಯನ್ನು ತಂದೆ ಸತ್ತ ಮರುದಿನದಿಂದಲೇ ಲೆಕ್ಕ ಹಿಡಿದರು. ಪಟ್ಟಾಭಿಷೇಕದ ವೈಭವಕ್ಕೆ ಕುಂದೇನೂ ಬರಲಿಲ್ಲ, ಅರಸನನ್ನು ಸೃಷ್ಟಿಸುವ ಶಕ್ತಿ ಮಾತ್ರ ಅದರ ಕೈಬಿಟ್ಟಿತು.

ಕಿರೀಟಕ್ಕೆ ಮೊದಲೇ ಅರಸನಾಗಬಹುದೆಂದ ಮೇಲೆ ದಿನಾಂಕವನ್ನು ಇನ್ನಷ್ಟು ಹಿಂದಕ್ಕೆ ಎಳೆಯುವುದಕ್ಕೆ ಏನಡ್ಡಿ? ಏಳನೆಯ ಹೆನ್ರಿ ಬಾಸ್‌ವರ್ತ್ ಯುದ್ಧ ಗೆದ್ದದ್ದು 1485ರ ಆಗಸ್ಟ್ 22ರಂದು. ಆದರೆ ಆ ನವೆಂಬರಿನ ಪಾರ್ಲಿಮೆಂಟಿನಲ್ಲಿ ಅವನು ಆಗಸ್ಟ್ 21ಕ್ಕೇ ಅರಸನಾಗಿದ್ದನೆಂದು ದಾಖಲಾಯಿತು. ಅಲ್ಲಿಗೆ ಪಟ್ಟಾಭಿಷಿಕ್ತ ಅರಸ ಮೂರನೆಯ ರಿಚರ್ಡನ ಪರ ಕಾದಾಡಿದವರೆಲ್ಲ ರಾಜದ್ರೋಹಿಗಳಾದರು, ಅವರ ಆಸ್ತಿ ಮುಟ್ಟುಗೋಲಿಗೆ ಬಂತು. ಹೀಗಾದರೆ ಇನ್ನು ಮುಂದೆ ಅರಸನ ಕರೆಗೆ ಯಾರು ಓಗೊಟ್ಟಾರು ಎಂದು ಕ್ರೌಲ್ಯಾಂಡ್ ಮಠದ ವೃತ್ತಾಂತಕಾರ ದಿಗಿಲುಪಟ್ಟಿದ್ದಾನೆ. ಆ ದಿಗಿಲು ಹೆನ್ರಿಗೂ ತಟ್ಟಿರಬೇಕು. 1495ರಲ್ಲಿ, ತನ್ನ ಸಿಂಹಾಸನಕ್ಕೇ ಹಕ್ಕುದಾರನೊಬ್ಬ ಹುಟ್ಟಿಕೊಂಡಿದ್ದಾಗ, ಹಾಲಿ ಆಳುವ ಅರಸನ ಪರ ಹೋರಾಡಿದವರನ್ನು ದ್ರೋಹಿಗಳೆನ್ನುವಂತಿಲ್ಲ ಎಂಬ ಕಾನೂನನ್ನು ಅವನದೇ ಪಾರ್ಲಿಮೆಂಟ್ ಅಂಗೀಕರಿಸಿತು.