ಪ್ಲೇಟು, ಮೈಕ್ ಸೆಟ್ಟು, ತಮಟೆ

ಗ್ರಾಮಫೋನ್ ಪ್ಲೇಟುಗಳನ್ನು ಸಂಗ್ರಹಿಸುವವರಲ್ಲಿ ಒಂದು ವಾಡಿಕೆಯುಂಟು: ಗೀರು ಬೀಳದ, ಮುಳ್ಳು ಹೆಚ್ಚು ಓಡದ, ಹೊದಿಕೆಯ ಅಂಚು ಸವೆಯದ ಪ್ರತಿಗೇ ಅವರು ಬೆಲೆ ಕಟ್ಟುವರು. ತುಮಕೂರು ಜಿಲ್ಲೆಯ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಸೀಮೆಯಿಂದ ಬರುವ ಪ್ಲೇಟುಗಳಿಗೆ ಈ ಮಾನದಂಡವು ಸಲ್ಲದೆಂಬುದು ನನ್ನ ದೃಢವಾದ ಅಭಿಪ್ರಾಯ. ಮಳೆ ವಿರಳವೂ ಬಿಸಿಲು ಧೂಳುಗಳು ಧಾರಾಳವೂ ಆದ ಈ ಬಯಲುನಾಡಿನಲ್ಲಿ, ಕೆಲವೇ ಶ್ರೀಮಂತರ ತೊಟ್ಟಿಮನೆಗಳನ್ನು ಬಿಟ್ಟರೆ, ಪ್ಲೇಟೆಂಬುದು ಮನೆಯ ಒಡವೆಯಾಗಿರದೆ ಊರಿನ ಕಿವಿಗೆ ಸೇರಿದ ಸೊತ್ತಾಗಿತ್ತು. ಮದುವೆಯ ಚಪ್ಪರದಲ್ಲಿಯೂ ಜಾತ್ರೆಯ ಬಯಲಿನಲ್ಲಿಯೂ ಟೂರಿಂಗ್ ಟಾಕೀಸಿನ ಡೇರೆಯ ನೆತ್ತಿಯಲ್ಲಿಯೂ ಮೊಳಗಿ ಮೊಳಗಿ ಸವೆದ ಪ್ಲೇಟೇ ಇಲ್ಲಿಯ ಚರಿತ್ರೆಗೆ ನಿಜವಾದ ದಾಖಲೆಯೆನಿಸುವುದು.

ಹಿಂದೂಸ್ಥಾನದಲ್ಲಿ ಪ್ಲೇಟು ಮುದ್ರಿಸುವ ವಿದ್ಯೆಯ ಆರಂಭವು 1902ರಲ್ಲಿ, ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗನು ಕಲಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ ಆಯಿತು. ಮೊದಮೊದಲು ಜರ್ಮನಿಯ ಹಾನೋವರಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದ ಪ್ಲೇಟುಗಳು, 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದ ತರುವಾಯ ಈ ದೇಶದಲ್ಲಿಯೇ ಸಿದ್ಧವಾಗತೊಡಗಿದವು. ಅವುಗಳ ಮೂಲದ್ರವ್ಯವಾದ ಅರಗಂತೂ ನಮ್ಮ ಕಾಡುಗಳದ್ದೇ. ಹತ್ತು ಅಂಗುಲ ಅಗಲದ ಆ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಿ, ಒಂದು ಮಗ್ಗುಲಿಗೆ ಮೂರು ನಿಮಿಷಗಳಿಗಿಂತ ಸ್ವಲ್ಪವೇ ಹೆಚ್ಚು ಹಾಡಿ ಮೌನವಾಗುತ್ತಿತ್ತು. ಕೈಜಾರಿದರೆ ಚೂರಾಗುತ್ತಿತ್ತು, ಬಿಸಿಲಿಗಿಟ್ಟರೆ ಡೊಂಕಾಗುತ್ತಿತ್ತು. ಉಕ್ಕಿನ ಮುಳ್ಳನ್ನಾದರೋ ಮಗ್ಗುಲಿಗೊಂದರಂತೆ ಬದಲಿಸಬೇಕಾಗಿತ್ತು.

ಇದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ಕನ್ನಡನಾಡಿಗೆಲ್ಲ ಹೆಸರಾದ ನಾಟಕ ಕಂಪೆನಿಯ ಪ್ರಭಾವವನ್ನು ಇಲ್ಲಿ ನೆನೆಯದಿರಲಾಗದು. ರಂಗಗೀತೆಯ ರುಚಿ ಹತ್ತಿದ ಈ ಹಳ್ಳಿಗಳಲ್ಲಿ, ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕುಳಿತು ಕುರುಕ್ಷೇತ್ರದ ಕೃಷ್ಣನಿಗೂ ದುರ್ಯೋಧನನಿಗೂ ಮಟ್ಟು ಕಲಿಸುವ ಪದ್ಧತಿ ಇಂದಿಗೂ ಅಳಿದಿಲ್ಲ. ಮೂರು ದಿಕ್ಕುಗಳಲ್ಲಿ ತೆಲುಗುನಾಡನ್ನು ಮುಟ್ಟಿಕೊಂಡಿರುವ ಪಾವಗಡದಲ್ಲಿ ತೆಲುಗು ಪದ್ಯಗಳಿಗೂ ಸಮಾನವಾದ ಆದರವುಂಟು. ಡೇರೆ ಸಿನಿಮಾದ ಟಿಕೆಟ್ ಕೊಡುವ ಹೊತ್ತಾಯಿತೆಂಬುದನ್ನು ಸುತ್ತಣ ಹೊಲಗಳಿಗೆ ಸಾರುತ್ತಿದ್ದ ಘಂಟಸಾಲರ ವೆಂಕಟೇಶಸ್ತುತಿಯ ಪ್ಲೇಟನ್ನು ಕನ್ನಡಿಗರು ಪರಭಾಷೆಯದೆಂದು ಎಣಿಸಿದವರೇ ಅಲ್ಲ.

ಆದರೆ ಗ್ರಾಮಫೋನೆಂಬ ಈ ಯಂತ್ರಕ್ಕೆ ಒಂದು ದೊಡ್ಡ ನ್ಯೂನತೆಯಿತ್ತು, ಅದನ್ನು ಸಂಗ್ರಾಹಕರು ಸಾಕಷ್ಟು ಗಮನಿಸಿಲ್ಲ. ತುತ್ತೂರಿಯೊಳಕ್ಕೆ ಹಾಡಿ ಮುದ್ರಿಸುತ್ತಿದ್ದ ಕಾಲದಲ್ಲಿ ಮಂದ್ರದ ನಾದ, ಮೃದಂಗದ ಎಡಮಗ್ಗುಲಿನ ಗುಂಭ, ಮೇಣದ ಮೇಲೆ ಸರಿಯಾಗಿ ಮೂಡುತ್ತಲೇ ಇರಲಿಲ್ಲ. 1925ರಲ್ಲಿ ವಿದ್ಯುತ್ ಮುದ್ರಣ ಬಂದು ಆ ಕೊರತೆ ಕೊಂಚ ನೀಗಿತಾದರೂ, ಮರದ ಕೊಂಬೆಗೆ ಕಟ್ಟಿದ ಮೈಕ್ ಸೆಟ್ಟಿನ ಹಾರ್ನು ಕಂಠವನ್ನು ಮೈಲಿ ದೂರ ಒಯ್ಯಬಲ್ಲುದಾಗಿತ್ತೇ ಹೊರತು ಮಂದ್ರವನ್ನು ನುಂಗಿಯೇ ಬಿಡುತ್ತಿತ್ತು. ಹೀಗಾಗಿ ಜಾತ್ರೆಯಲ್ಲಿ ಪ್ಲೇಟು ಕಿವಿಯನ್ನು ತಣಿಸಿತು. ಕಾಲನ್ನು ಕುಣಿಸಿದುದು ತಮಟೆ, ಅರೆ, ಉರುಮೆಗಳ ಚರ್ಮ. ದಂಡಿನ ಮಾರಮ್ಮನ ಮುಂದೆ ಮೈದುಂಬಿ ಕುಣಿಯುವವನಿಗೆ ಬೇಕಾದುದು ಎದೆಗೂಡನ್ನು ನಡುಗಿಸುವ ಆ ಪೆಟ್ಟು, ಅದು ಬೆಂಕಿಯಲ್ಲಿ ಕಾಯಿಸಿ ಬಿಗಿ ಮಾಡಿದ ತಮಟೆಯಿಂದಲ್ಲದೆ ಬೇರೆಲ್ಲಿಂದಲೂ ಬರುವಂತಿರಲಿಲ್ಲ. ಸಿರಾ ಸೀಮೆಯ ಕಾಡುಗೊಲ್ಲರು ನೀಳವಾದ ಗಣೆಯನ್ನೂದುತ್ತ ಇರುಳಿಡೀ ಹಾಡುವ ಜುಂಜಪ್ಪನ ಕಥೆಗೆ ಮೂರು ನಿಮಿಷದ ಪ್ಲೇಟಿನಲ್ಲಿ ಎಡೆಯೆಲ್ಲಿ?

ಮಂದ್ರದ ಈ ಕೊರತೆಯನ್ನು ನೀಗಿಸುವ, ಕುಣಿತಕ್ಕೆಂದೇ ಮಾಡಿದ ಒಂಟಿ ಹಾಡಿನ ಪ್ಲೇಟು ಹುಟ್ಟಿದುದು ಎಪ್ಪತ್ತರ ದಶಕದ ನಡುವಣ ನ್ಯೂಯಾರ್ಕಿನಲ್ಲಿ. ಹನ್ನೆರಡು ಅಂಗುಲದ ತಟ್ಟೆಯಲ್ಲಿ ಒಂದೇ ಹಾಡನ್ನಿಟ್ಟರೆ ಮುಳ್ಳು ಓಡುವ ಗೆರೆಗಳ ನಡುವೆ ಬೇಕಾದಷ್ಟು ಅವಕಾಶ ದೊರೆಯುತ್ತದೆ, ಮಂದ್ರವು ಅಗಲವಾಗಿ ತೊನೆದಾಡಬಲ್ಲುದು, ಮುಳ್ಳು ಹಳಿ ತಪ್ಪದು. 1980ರಲ್ಲಿ ಜಪಾನಿನ ರೋಲಂಡ್ ಕಂಪೆನಿಯ ಟಿಆರ್-808 ತಾಳಯಂತ್ರ, ಅದರ ಬೆನ್ನಿಗೇ ಟಿಬಿ-303 ಮಂದ್ರಯಂತ್ರ ಬಂದವು. ಆ ಎರಡನ್ನೂ ಹಿಡಿದು ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯದಲ್ಲಿ ನುಡಿಸಿ ಹೆಚ್‌ಎಂವಿಯಿಂದ ಪ್ಲೇಟು ತಂದರು; ಅಂದು ಯಾರೂ ಕಿವಿಗೊಡದ ಆ ಪ್ಲೇಟು 2010ರಲ್ಲಿ ಮರುಮುದ್ರಣಗೊಂಡು ಲೋಕಪ್ರಸಿದ್ಧವಾಯಿತು. 1987ರಲ್ಲಿ, ಷಿಕಾಗೋ ನಗರದಿಂದ ‘ಆಸಿಡ್ ಟ್ರ್ಯಾಕ್ಸ್’ ಎಂಬ ಕುಣಿತದ ಪ್ಲೇಟು ಹೊರಬಿದ್ದ ವರ್ಷದಲ್ಲಿಯೇ, ದ್ವಾರಕೀಶರ ‘ಡಾನ್ಸ್ ರಾಜ ಡಾನ್ಸ್’ ಚಿತ್ರಕ್ಕೆ ವಿಜಯಾನಂದರು ಕೊಟ್ಟ ಸಂಗೀತವು ಕನ್ನಡದ ಹಳ್ಳಿಹಳ್ಳಿಗೂ ಯಂತ್ರದ ತಾಳವನ್ನು ಒಯ್ದಿತು. ಅಮೆರಿಕದ ಡೇವಿಡ್ ಬರ್ನ್ ಅವರ ಲುವಾಕಾ ಬಾಪ್ ಸಂಸ್ಥೆಯು 1992ರಲ್ಲಿ ವಿಜಯಾನಂದರ ಚಿತ್ರಗೀತೆಗಳನ್ನು ಆಯ್ದು, ಅದೇ ಚಿತ್ರದ ಹೆಸರಿನಲ್ಲಿ ಹೊರತಂದಾಗ ಹೊರದೇಶದ ಸಂಗ್ರಾಹಕರು ಬೆರಗಾದರು. ಬೆರಗು ಸಹಜವೇ, ಆದರೆ ಆ ಹಾಡುಗಳನ್ನು ಯಂತ್ರದ ವಿಚಿತ್ರವೆಂದು ಮಾತ್ರ ಬಗೆಯುವುದನ್ನು ನಾನು ಒಪ್ಪಲಾರೆ. ತಮಟೆಯ ಪೆಟ್ಟಿಗೆ ತಲೆತಲಾಂತರದಿಂದ ಪಳಗಿದ ಕಾಲುಗಳು ಇಲ್ಲಿ ಮೊದಲೇ ಸಿದ್ಧವಾಗಿದ್ದುವೆಂಬುದನ್ನು ಅವರು ಅರಿಯರು.

ಅಷ್ಟು ಹೊತ್ತಿಗೆ ಕ್ಯಾಸೆಟ್ಟು ಬಂದು ಪ್ಲೇಟುಗಳು ಮೈಕ್ ಸೆಟ್ಟಿನ ಅಂಗಡಿಗಳ ಅಟ್ಟವನ್ನೇರಿದ್ದವು, ಮತ್ತೆ ಅನೇಕವು ಗುಜರಿಯ ಪಾಲಾದವು. ಇಂದು ಗಣಪತಿಯ ಮೆರವಣಿಗೆಯಲ್ಲಿ ಲಾರಿಯ ಮೇಲೆ ಪೇರಿಸಿದ ಡಿಜೆ ಪೆಟ್ಟಿಗೆಗಳು ಮಂದ್ರವನ್ನು ಬೇಕಾದುದಕ್ಕಿಂತಲೂ ಹೆಚ್ಚಾಗಿ ಕೊಡಬಲ್ಲವಾದುದರಿಂದ ತಮಟೆಯವರನ್ನು ಕರೆಯುವ ಮನೆಗಳೇ ಕಡಿಮೆಯಾಗುತ್ತಿವೆ. ಈ ಸೀಮೆಯಲ್ಲಿ ಹಳೆಯ ಪ್ಲೇಟುಗಳನ್ನು ಅರಸಿ ಬರುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಅಂಗಡಿಯವರೊಡನೆ ಬೆಲೆಯ ಮಾತು ಮುಗಿದ ಬಳಿಕ, ಆ ಪ್ಲೇಟು ಮೊಳಗುತ್ತಿದ್ದ ಜಾತ್ರೆಯಲ್ಲಿ ತಮಟೆ ಬಡಿಯುತ್ತಿದ್ದವರು ಯಾರು, ಅವರ ಮಕ್ಕಳು ಈಗಲೂ ಬಡಿಯುವರೇ ಎಂದು ವಿಚಾರಿಸಿ, ಅವರ ವಾದನವನ್ನು ಮುದ್ರಿಸಿಕೊಂಡು ಹೋಗಬೇಕು.