ಕೇಳದ ದನಿಗೆ ಮನಸೋತವರು

1850ರ ಸೆಪ್ಟೆಂಬರ್ 1, ಭಾನುವಾರ. ನ್ಯೂಯಾರ್ಕಿನ ಹಡಗುಕಟ್ಟೆಯಲ್ಲಿ ಸಾವಿರಾರು ಜನ ನೂಕಾಡುತ್ತ ನಿಂತಿದ್ದರು. ಲಿವರ್‌ಪೂಲಿನಿಂದ ಬಂದ ‘ಅಟ್ಲಾಂಟಿಕ್’ ಹಡಗಿನಲ್ಲಿ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ ಇದ್ದಳು. ನೆರೆದವರಲ್ಲಿ ಆಕೆಯ ಹಾಡು ಕೇಳಿದವರು ಎಲ್ಲಿ ಸಿಗಬೇಕು? ಎಡಿಸನ್ನನ ಫೋನೋಗ್ರಾಫ್ ಬರುವುದಕ್ಕೆ ಇನ್ನೂ 27 ವರ್ಷವಿತ್ತು. ಆಕೆಯನ್ನು ಕರೆಸಿದ ಪಿ.ಟಿ. ಬಾರ್ನಮ್ ಕೂಡ ಕೇಳಿರಲಿಲ್ಲ! ಆದರೂ ಕಛೇರಿಗೆ 1,000 ಡಾಲರಿನಂತೆ 150 ಕಛೇರಿಗೆ ಒಪ್ಪಂದ ಮಾಡಿಕೊಂಡು, ಖರ್ಚುವೆಚ್ಚವೂ ಸೇರಿ 1,87,500 ಡಾಲರನ್ನು ಮುಂಗಡವಾಗಿ ಲಂಡನ್ನಿನಲ್ಲಿ ಠೇವಣಿ ಇಟ್ಟಿದ್ದ.

ಕೊಂಡ ವ್ಯವಹಾರದ ಆಸ್ತಿಗಿಂತ ಹೆಚ್ಚು ಕೊಟ್ಟ ಹಣವನ್ನು ನಾವು ಲೆಕ್ಕಿಗರು ‘ಗುಡ್‌ವಿಲ್’ ಎಂದು ಬರೆಯುತ್ತೇವೆ. ಬಾರ್ನಮ್ ಕಟ್ಟಿದ್ದು ಅದನ್ನೇ. ಆಕೆಯ ಕಂಠದ ಜೊತೆಗೆ ಸರಳತೆ, ದಾನಬುದ್ಧಿಗಳನ್ನೂ ತಿಂಗಳುಗಟ್ಟಲೆ ಪತ್ರಿಕೆಗಳಲ್ಲಿ ಹೊಗಳಿಸಿದ. ಮೊದಲ ಕಛೇರಿಯ ಟಿಕೆಟ್ಟುಗಳನ್ನು ಹರಾಜು ಹಾಕಿದ. ಮೊದಲ ಟಿಕೆಟ್ಟಿಗೆ ಜೆನಿನ್ ಎಂಬ ಟೋಪಿ ವ್ಯಾಪಾರಿ 225 ಡಾಲರ್ ಕೊಟ್ಟ. ಅದು ಮೋಹವಲ್ಲ, ಜಾಹೀರಾತಿನ ಖರ್ಚು. ಅವನ ಟೋಪಿಗಳು ಆ ಹೆಸರಿನಿಂದಲೇ ಖರ್ಚಾದವು. ಆದರೆ ಜೆನ್ನಿ ಲಿಂಡ್ ಕೈಗವಸು ಕೊಂಡ ಹುಡುಗಿಯದು?

ಬಾರ್ನಮ್ ತನ್ನ ಆತ್ಮಕಥೆಯಲ್ಲಿ ಲೆಕ್ಕವನ್ನು ಸೆಂಟಿನವರೆಗೆ ಕೊಟ್ಟಿದ್ದಾನೆ: 95 ಕಛೇರಿ, ಒಟ್ಟು ವಸೂಲಿ 7,12,161 ಡಾಲರ್ 34 ಸೆಂಟ್. (ಅಂಥ ಆಸಾಮಿಯ ಲೆಕ್ಕಕ್ಕೆ ಸಹಿ ಹಾಕುವ ಮೊದಲು ನಾನಾದರೆ ವೋಚರ್ ಕೇಳುತ್ತಿದ್ದೆ.) ಜನರಿಂದ ಎಷ್ಟು ಬಂತು ಎಂಬುದು ಅಲ್ಲಿದೆ. ಜನರಿಗೆ ಏನು ಸಿಕ್ಕಿತು ಎಂಬುದಕ್ಕೆ ಕಾಲಂ ಇಲ್ಲ.

ಆಕೆಯ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಮಗಳ ತೊಟ್ಟಿಲಿನ ಪೆಟ್ಟಿಗೆಯ ಮೇಲೆ. ಕಡೆದ ಕಂಬಿಗಳ ಆ ಮಾದರಿಗೆ ಅಮೆರಿಕದ ಅಂಗಡಿಗಳಲ್ಲಿ ಇಂದಿಗೂ ‘ಜೆನ್ನಿ ಲಿಂಡ್’ ಎಂದೇ ಹೆಸರು. ಅದರಲ್ಲಿ ಮಲಗಿದ್ದವಳಿಗೆ ಈಗ ಹದಿನಾಲ್ಕು. ಕೋಣೆಯ ಗೋಡೆ ತುಂಬ ಕೊರಿಯಾದ ಹಾಡುಗಾರ ಹುಡುಗರು.

“ನೀನಿದ್ದೀಯ ಅಂತಲೂ ಅವನಿಗೆ ಗೊತ್ತಿಲ್ವಲ್ಲೇ!” ಅಂದಳು ಅವಳಮ್ಮ.

“ಗೊತ್ತಾದ್ರೆ ನಂಗೆ ನಾಚ್ಕೆ ಆಗತ್ತಮ್ಮ” ಅಂದಳು ಮಗಳು.

ನಾನು ಬಾಯಿ ಬಿಡಲಿಲ್ಲ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ನಮ್ಮೂರಿನ ಅರ್ಧ ಹುಡುಗರು ಜೂಹಿ ಚಾವ್ಲಾರನ್ನು ಮನಸ್ಸಿನಲ್ಲೇ ಮದುವೆಯಾಗಿದ್ದೆವು. ಕ್ಯಾಸೆಟ್ಟಿನಲ್ಲಿ ಹಾಡುತ್ತಿದ್ದ ದನಿ ಅವರದಲ್ಲ ಎಂದು ಗೊತ್ತಿತ್ತು. ಅದರಿಂದ ಏನೂ ಕಡಿಮೆಯಾಗಲಿಲ್ಲ. ಅವರು ಎದುರಿಗೆ ಬಂದಿದ್ದರೆ ಓಡಿಹೋಗುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನು ಹೇಳಿಕೊಳ್ಳಲು ಒಂದು ಮುಖ ಬೇಕಿತ್ತು, ಅಷ್ಟೆ.

ಸೆಪ್ಟೆಂಬರ್ 11ರಂದು ಕ್ಯಾಸಲ್ ಗಾರ್ಡನ್ನಿನಲ್ಲಿ ಮೊದಲ ಕಛೇರಿ ನಡೆಯಿತು. ಆ ರಾತ್ರಿಯ ತನ್ನ ಪಾಲನ್ನೆಲ್ಲ ಆಕೆ ನಗರದ ಧರ್ಮಸಂಸ್ಥೆಗಳಿಗೆ ಕೊಟ್ಟುಬಿಟ್ಟಳು. ಕೇಳದೆಯೇ ನಂಬಿದ್ದವರ ನಂಬಿಕೆ ಅಷ್ಟರಮಟ್ಟಿಗೆ ನಿಜವಾಯಿತು. ಕಟ್ಟಡದ ಗೋಡೆಗಳು ಇನ್ನೂ ಇವೆ. ಸ್ವಾತಂತ್ರ್ಯದೇವಿಯ ದೋಣಿಗೆ ಟಿಕೆಟ್ ಕೊಡುವುದು ಅಲ್ಲಿಯೇ. ಊರಿನಿಂದ ನೆಂಟರು ಬಂದಾಗಲೆಲ್ಲ ಆ ಸಾಲಿನಲ್ಲಿ ನಿಂತಿದ್ದೇನೆ.